ವೈರಿಯ ಸಾವಿಗೆ ಸಿಹಿ ಹಂಚಬಹುದೇ?

ಪ್ರಶ್ನೆ: ಸೋಂದಾ ದಾರಿ (ಶಿರಸಿ)

ಕಳೆದ ವಾರ ನಮ್ಮ ಪಕ್ಕದ ತೋಟದ ಯಜಮಾನರು ತೀರಿಕೊಂಡರು. ಅವರಿಗೂ ನಮ್ಮ ತಂದೆಯವರಿಗೂ 19 ವರ್ಷಗಳಿಂದ ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಿತ್ತು. ಅಬ್ಬಿಯಿಂದ ಬರುವ ಕಾಲುವೆಯ ಮಗ್ಗುಲಲ್ಲೇ ಅವರು ಅಗಳ ತೋಡಿಸಿ, ಬೇಸಿಗೆಯಲ್ಲಿ ನಮ್ಮ ಕೆಳತೋಟಕ್ಕೆ ನೀರು ಇಳಿಯದಂತೆ ಮಾಡಿದ್ದರು. ಎರಡು ವರ್ಷ ಸತತವಾಗಿ ಎಳೆಯ ಅಡಿಕೆ ಮರಗಳು ಸುಳಿಯಿಂದಲೇ ಒಣಗಿದವು, ತಂದೆಯವರು ಸಾಲ ಮಾಡಿದರು, ತಂಗಿಯ ಮದುವೆ ಮುಂದಕ್ಕೆ ಹೋಯಿತು. ಅವರು ನಮಗೆ ಒಳ್ಳೆಯದನ್ನು ಬಯಸಿದ ಒಂದು ದಿನವೂ ನನಗೆ ನೆನಪಿಲ್ಲ.

ಸಾವಿನ ಸುದ್ದಿ ಬೆಳಗಿನ ಜಾವ ಬಂತು. ಶವ ಎತ್ತುವ ತನಕ ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹಚ್ಚಬಾರದೆಂಬ ಪದ್ಧತಿ ನಮ್ಮೂರಲ್ಲಿ ಈಗಲೂ ಇದೆ. ಅಮ್ಮ ಹಾಲಿನ ಪಾತ್ರೆಯನ್ನು ಕೆಳಗಿಳಿಸಿ, ಬೆಂಕಿಗೆ ನೀರು ಚಿಮುಕಿಸಿ ಆರಿಸಿದರು. ಅದೇ ಹೊತ್ತಿಗೆ ಬೈಕು ಹತ್ತಿ ಪೇಟೆಗೆ ಹೋದ ನನ್ನ ತಮ್ಮ ಒಂದು ಕಿಲೋ ಜಿಲೇಬಿ ತಂದು ಜಗುಲಿಯ ಮೇಲೆ ಬಿಚ್ಚಿಟ್ಟ. ಕೊನೆಕೊಯ್ಲಿಗೆ ಬಂದಿದ್ದ ಆಳುಗಳಿಗೂ ಕೊಟ್ಟ. ಅವರಲ್ಲಿ ಒಬ್ಬರು ಬೇಡವೆನ್ನಲಾರದೆ ತೆಗೆದುಕೊಂಡು, ತಿನ್ನಲೂ ಆಗದೆ ಕೈಯಲ್ಲೇ ಹಿಡಿದು ನಿಂತಿದ್ದರು. ಅವರ ಬೆರಳ ಸಂದಿನಿಂದ ಪಾಕ ಮೆಟ್ಟಿಲ ಮೇಲೆ ತೊಟ್ಟಿಕ್ಕುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತೋಟದ ಆಚೆ ಬದಿಯಿಂದ ಅಳುವ ದನಿ ಕೇಳುತ್ತಿತ್ತು.

ನಾನು ಗದರಿದಾಗ ತಮ್ಮ ಹೇಳಿದ್ದು ಇಷ್ಟು: “ನರಕಾಸುರ ಸತ್ತ ದಿನ ಎಣ್ಣೆಸ್ನಾನ ಮಾಡಿ ಹಬ್ಬ ಮಾಡುವವರು ನಾವು. ಅದು ಸರಿಯಾದರೆ ಇದು ಹೇಗೆ ತಪ್ಪು?” ನನಗೆ ಉತ್ತರ ತೋಚಲಿಲ್ಲ. ಅವನ ಮಾತಿನಲ್ಲಿ ಹುರುಳಿದೆಯೇ? ಒಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ: ಸುದ್ದಿ ಕೇಳಿದ ಕ್ಷಣದಲ್ಲಿ ನನ್ನ ಎದೆಯೂ ಹಗುರಾಗಿತ್ತು.

ಉತ್ತರ: ಅಘನಾಶಿನಿ ತೀರ (ಕುಮಟಾ)

ನಿಮ್ಮ ತಮ್ಮ ಹಬ್ಬವನ್ನು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ನರಕ ಚತುರ್ದಶಿಯ ನಸುಕಿನಲ್ಲಿ ಕಹಿ ಹಿಂಡಲಕಾಯಿಯನ್ನು ಕಾಲಿನಿಂದ ಮೆಟ್ಟಿ ಒಡೆಯುವ ರೂಢಿ ನಮ್ಮ ಕರಾವಳಿಯ ಹಲವು ಮನೆಗಳಲ್ಲಿ ಇರುವುದು ನಿಜ. ಕಾರವಾರದಿಂದ ಗೋವೆಯ ತನಕ ನರಕಾಸುರನ ಪ್ರತಿಮೆ ಸುಡುವುದೂ ನಿಜ. ಆದರೆ ಅದೇ ದೀಪಾವಳಿಯಲ್ಲಿ, ನಿಮ್ಮ ಶಿರಸಿ ಸೀಮೆಯ ಮನೆಗಳಲ್ಲೇ, ಕಲಶದ ಮೇಲೆ ಕಾಯಿಯಿಟ್ಟು, ಹಿಂಗಾರದಿಂದ ಸಿಂಗರಿಸಿ ಬಲೀಂದ್ರನನ್ನು ಕೂರಿಸುವುದಿಲ್ಲವೇ? ಬಲಿ ಯಾರು? ವಿಷ್ಣು ವಾಮನನಾಗಿ ಬಂದು ಪಾತಾಳಕ್ಕೆ ತುಳಿದ ದಾನವ, ದೇವತೆಗಳ ವೈರಿ. ಸೋತವನನ್ನು ವರ್ಷಕ್ಕೊಮ್ಮೆ ಅತಿಥಿಯಾಗಿ ಮನೆಗೆ ಕರೆದು, ಪೂಜಿಸಿ, ಮರ್ಯಾದೆಯಿಂದ ಕಳುಹಿಸಿಕೊಡುವ ಜನ ನಾವು. ಅದೇ ಹಬ್ಬದಲ್ಲಿ ಒಬ್ಬ ಅಸುರನ ಸಾವಿಗೆ ಹಣತೆ ಹಚ್ಚುತ್ತೇವೆ, ಇನ್ನೊಬ್ಬನ ಬರವಿಗೆ ಬಾಗಿಲು ತೆರೆಯುತ್ತೇವೆ. ಇದನ್ನು ಬಿಟ್ಟು ಅದನ್ನು ಮಾತ್ರ ಎತ್ತಿಕೊಂಡರೆ ಅದು ಹಬ್ಬದ ಮಾತಾಗುವುದಿಲ್ಲ, ನಮ್ಮ ಸಿಟ್ಟಿಗೆ ಒದಗಿದ ನೆಪವಾಗುತ್ತದೆ. ನರಕನ ಕಥೆಯಲ್ಲೂ ನಾವು ನೆನೆಯುವುದು ಅವನ ಸೆರೆಯಿಂದ ಬಿಡುಗಡೆಯಾದ ಹದಿನಾರು ಸಾವಿರ ಹೆಣ್ಣುಮಕ್ಕಳನ್ನು. ಅವನ ಹೆಣದ ಸುತ್ತ ಯಾರೂ ಕುಣಿದ ನೆನಪು ನನಗಿಲ್ಲ.

ರಾಮಾಯಣದ ಯುದ್ಧಕಾಂಡದಲ್ಲಿ ರಾವಣ ಬಿದ್ದ ಮೇಲೆ ಅವನ ಸಂಸ್ಕಾರ ಮಾಡಲು ತಮ್ಮನಾದ ವಿಭೀಷಣನೇ ಹಿಂಜರಿಯುತ್ತಾನೆ. ಆಗ ರಾಮ ಹೇಳುವ ಮಾತು “ಮರಣಾಂತಾನಿ ವೈರಾಣಿ”: ವೈರವೆಂಬುದು ಸಾವಿನವರೆಗೆ ಮಾತ್ರ, ಇವನು ನಿನಗೆ ಹೇಗೋ ನನಗೂ ಹಾಗೆಯೇ, ಸಂಸ್ಕಾರ ಮಾಡು. ಹೆಂಡತಿಯನ್ನು ಕದ್ದೊಯ್ದವನ ಬಗ್ಗೆ ಗಂಡನೇ ಆಡಿದ ಮಾತು ಇದು ಎಂಬುದನ್ನು ನಾವು ಓದುವಾಗ ಮರೆಯುತ್ತೇವೆ.

ಮಹಾಭಾರತದಲ್ಲಿ ಇದಕ್ಕಿಂತ ಹತ್ತಿರದ ಒಂದು ಸಂದರ್ಭವಿದೆ, ಅದನ್ನು ಎತ್ತುವವರು ಕಡಿಮೆ. ಅಭಿಮನ್ಯು ಸತ್ತ ಸಂಜೆ ಕೌರವರ ಪಾಳೆಯದಲ್ಲಿ ಸಿಂಹನಾದ ಎದ್ದಾಗ, ಹುಡುಗನೊಬ್ಬನನ್ನು ಕೊಂದು ಹಿಗ್ಗುತ್ತಿದ್ದೀರಲ್ಲ ಎಂದು ಅವರನ್ನು ಹಳಿದವನು ಯುಯುತ್ಸು. ಧೃತರಾಷ್ಟ್ರನ ಮಗನಾದರೂ ಪಾಂಡವರ ಕಡೆ ಸೇರಿದವನು. ಮುಂದೆ ತೊಡೆ ಮುರಿದು ಬಿದ್ದ ದುರ್ಯೋಧನನ ತಲೆಯನ್ನು ಭೀಮ ಎಡಗಾಲಿನಿಂದ ಒದ್ದಾಗ ತಡೆದವನು ಧರ್ಮರಾಯ. ಹೀಗೆ ಹಿಗ್ಗಿದವರು ಎರಡು ಪಾಳೆಯಗಳಲ್ಲೂ ಇದ್ದರು, ಅವರಿಗೆ ಹಿಗ್ಗಬೇಡಿ ಎಂದವರೂ ಇದ್ದರು. ಹಿಗ್ಗುವುದು ಮನುಷ್ಯನಿಗೆ ಸಹಜವಲ್ಲದಿದ್ದರೆ ಅವರು ಬಾಯಿ ತೆರೆಯುವ ಅಗತ್ಯವೇ ಬರುತ್ತಿರಲಿಲ್ಲ.

ನಮ್ಮ ಕಡೆಯ ಯಕ್ಷಗಾನದ ಆಟಗಳಲ್ಲಿ ಗದಾಯುದ್ಧದ ಕೌರವನಿಗೆ ನುರಿತ ವೇಷಧಾರಿಯೇ ಬೇಕು. ನಸುಕಿನಲ್ಲಿ ಅವನು ಬೀಳುವ ಹೊತ್ತಿಗೆ, ರಾತ್ರಿಯಿಡೀ ಭೀಮನಿಗೆ ಚಪ್ಪಾಳೆ ತಟ್ಟಿದ ಗದ್ದೆಬಯಲಿನ ಜನ ಸುಮ್ಮನೆ ಕಂಬಳಿ ಮಡಚಿಕೊಂಡು ಏಳುವುದನ್ನು ನಾನು ಎಳವೆಯಿಂದ ನೋಡಿದ್ದೇನೆ.

ಉತ್ತರ: ಕೆಳಗಿನ ಕೇರಿ (ಅಂಕೋಲಾ)

ಕುಮಟಾದವರ ಮಾತನ್ನು ಗೌರವದಿಂದ ಓದಿದೆ, ಪೂರ್ತಿಯಾಗಿ ಒಪ್ಪಲಾರೆ. ರಾಮ ಆ ಮಾತನ್ನು ಆಡಿದ್ದು ಗೆದ್ದ ಮೇಲೆ. ಗೆಲ್ಲದೇ ಉಳಿದವರು ಏನು ಮಾಡಬೇಕು?

ನನ್ನ ಅಕ್ಕ ಮದುವೆಯಾದ ಮೂರನೆಯ ವರ್ಷ ಗಂಡನ ಮನೆಯಲ್ಲಿ ಸುಟ್ಟಗಾಯಗಳಿಂದ ತೀರಿಕೊಂಡಳು. ಸಾಕ್ಷಿ ಹೇಳಬೇಕಾದವರು ಹೇಳಲಿಲ್ಲ, ಆ ಮನೆಯ ಹಿರಿಯ ಬಿಡುಗಡೆಯಾಗಿ ಬಂದು ಹನ್ನೊಂದು ವರ್ಷ ನಮ್ಮೆದುರಿಗೇ ಬಾಳಿದ. ಅವನು ಸತ್ತ ಸುದ್ದಿ ಬಂದ ದಿನ ನನ್ನ ತಾಯಿ ಸಿಹಿ ಹಂಚಲಿಲ್ಲ, ಯಾರೊಡನೆಯೂ ಒಂದು ಮಾತೂ ಆಡಲಿಲ್ಲ. ಮೀನು ಮಾರುವವಳನ್ನು ಕರೆದು ಬಂಗಡೆ ಕೊಂಡರು, ಕಾಯಿ ಅರೆದು ಸಾರು ಮಾಡಿದರು, ಎರಡು ಸಲ ಬಡಿಸಿಕೊಂಡು ಉಂಡರು. ಅಕ್ಕ ಹೋದ ಮೇಲೆ ಅವರು ಮೀನು ಮುಟ್ಟಿದ್ದು ಅಂದೇ ಮೊದಲು. ಅದನ್ನು ಸಂಭ್ರಮ ಎನ್ನುವಿರಾದರೆ ಎನ್ನಿ, ನಾನು ಅದರಲ್ಲಿ ಎಳ್ಳಷ್ಟೂ ತಪ್ಪು ಕಾಣೆ.

2012ರ ನವೆಂಬರ್ 21ರಂದು ಕಸಬ್‌ನನ್ನು ಪುಣೆಯ ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದಾಗ ಹಲವು ಊರುಗಳಲ್ಲಿ ಪಟಾಕಿ ಹೊಡೆದರು. ಅದಕ್ಕೆ ನಾಲ್ಕು ವರ್ಷ ಹಿಂದೆ ಅವನಿದ್ದ ತಂಡ ಮುಂಬೈಯಲ್ಲಿ ನಡೆಸಿದ ದಾಳಿಯಲ್ಲಿ 166 ಜನ ಸತ್ತಿದ್ದರು. ಅವರ ಮನೆಯವರು ಅಂದು ನಿಟ್ಟುಸಿರು ಬಿಟ್ಟಿದ್ದರೆ, ನಕ್ಕಿದ್ದರೂ ಕೂಡ, ಅವರಿಗೆ ಧರ್ಮ ಹೇಳಲು ನಾವು ಯಾರು? ಆದರೆ ಏನನ್ನೂ ಕಳೆದುಕೊಳ್ಳದ ಯಾರೋ ಒಬ್ಬ ದೂರದ ಊರಿನಲ್ಲಿ ಅವರ ಪರವಾಗಿ ಕುಣಿದರೆ ಅದು ಬೇರೆ. ಅವನಿಗೆ ಆ ನೋವಿನ ಮೇಲೆ ಹಕ್ಕಿಲ್ಲ. ನಿಮ್ಮ ತಮ್ಮ ಒಣಗಿದ ತೋಟವನ್ನು ಕಣ್ಣಾರೆ ಕಂಡವರು. ಅವರ ತಪ್ಪೇನಿದ್ದರೂ ಅದು ಖುಷಿಪಟ್ಟದ್ದಲ್ಲ, ಆಳುಗಳ ಕೈಗೆ ಅದನ್ನು ಕೊಟ್ಟದ್ದು.

ಉತ್ತರ: ಕಾಳಿ ಸಂಗಮ (ಕಾರವಾರ)

ನಾನು ನೌಕಾಪಡೆಯಲ್ಲಿ 15 ವರ್ಷ ದುಡಿದು ಬಂದವನು, ಆದ್ದರಿಂದ ನನಗೆ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ. ಪ್ರತಿವರ್ಷ ಡಿಸೆಂಬರ್ 4ರಂದು ನಾವು ನೌಕಾಪಡೆಯ ದಿನ ಆಚರಿಸುತ್ತೇವೆ. 1971ರ ಆ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದವು, ಪಾಕಿಸ್ತಾನದ ಖೈಬರ್ ಎಂಬ ಯುದ್ಧನೌಕೆ ಮುಳುಗಿತು. ಅದಾಗಿ ಐದನೆಯ ದಿನ, ಡಿಸೆಂಬರ್ 9ರ ರಾತ್ರಿ, ದೀವ್ ಬಳಿ ಅವರ ಹಂಗೋರ್ ಜಲಾಂತರ್ಗಾಮಿ ನಮ್ಮ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ, ಅದರೊಡನೆಯೇ ಮುಳುಗಿದರು.

ನಾನು ಸೇರಿದಾಗ ಖುಕ್ರಿಯಲ್ಲಿ ಗೆಳೆಯರನ್ನು ಕಳೆದುಕೊಂಡ ಹಿರಿಯ ನಾವಿಕರು ಇನ್ನೂ ಇದ್ದರು. ಅವರು ಕರಾಚಿಯ ರಾತ್ರಿಯ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಿದ್ದರು. ಖೈಬರ್ ಮುಳುಗಿದ ಕ್ಷಣ ಬಂದಾಗ ಮಾತ್ರ ದನಿ ತಗ್ಗುತ್ತಿತ್ತು. ಹಡಗಿನ ಒಳಗೆ ನೀರು ನುಗ್ಗುವಾಗ, ಬೆಳಕು ಹೋದ ಮೇಲೆ, ಎಂಜಿನ್ ಕೋಣೆಯಲ್ಲಿ ಇರುವವನಿಗೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆ ಕೋಣೆ ಎರಡೂ ದೇಶಗಳ ಹಡಗುಗಳಲ್ಲಿ ಒಂದೇ ಬಗೆಯದು. ಗೆಲುವನ್ನು ಕೊಂಡಾಡುವುದು ಬೇರೆ, ಮುಳುಗಿದವರನ್ನು ನೆನೆದು ಹಿಗ್ಗುವುದು ಬೇರೆ ಎಂಬ ಪಾಠವನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಅವರ ದನಿ ತಗ್ಗಿದ್ದರಿಂದ ಬಂದದ್ದು.

ಕಾರ್ಗಿಲ್‌ನಲ್ಲಿ 1999ರಲ್ಲಿ ಟೈಗರ್ ಹಿಲ್ ಮೇಲೆ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಎಂಬುದು ಹುದ್ದೆಯಲ್ಲ, ಹೆಸರೇ) ಅವರ ಶೌರ್ಯವನ್ನು ಕಂಡ ನಮ್ಮ ಬ್ರಿಗೇಡಿಯರ್ ಬಾಜ್ವಾ, ಈತ ವೀರನಂತೆ ಕಾದಿದ್ದಾನೆ ಎಂದು ಚೀಟಿ ಬರೆದು ಶವದ ಜೇಬಿನಲ್ಲಿಟ್ಟು ಕಳುಹಿಸಿದರು. ಆ ದೇಶ ಆತನಿಗೆ ತನ್ನ ಅತ್ಯುನ್ನತ ಪದಕವನ್ನು ಕೊಟ್ಟಿತು. ತಮ್ಮವರನ್ನು ಅದೇ ಬೆಟ್ಟದ ಮೇಲೆ ಕಳೆದುಕೊಂಡವರು ಬರೆದ ಚೀಟಿ ಅದು.

ಅಂಕೋಲಾದ ತಂಗಿಯವರಿಗೆ ಒಂದು ಮಾತು: ನಿಮ್ಮ ತಾಯಿ ಉಂಡದ್ದು ಸಂಭ್ರಮವಲ್ಲ ಎಂದೇ ನಾನು ತಿಳಿಯುತ್ತೇನೆ. ಅದು ಹನ್ನೊಂದು ವರ್ಷದ ಉಪವಾಸದ ಪಾರಣೆ.

ಉತ್ತರ: ಬಿಡಕಿಬೈಲು (ಶಿರಸಿ)

ಎಲ್ಲರೂ ವೈರಿ ಯಾರೆಂಬುದು ಇತ್ಯರ್ಥವಾಗಿದೆ ಎಂದುಕೊಂಡು ಬರೆಯುತ್ತಿದ್ದೀರಿ, ಅಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮೂರಿನ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ದೇವಿಯ ಕಲ್ಯಾಣದಿಂದ ಆರಂಭವಾಗಿ, ಕೊನೆಯ ದಿನ ಮಾತಂಗಿ ಚಪ್ಪರಕ್ಕೆ ಬೆಂಕಿಯಿಡುವುದರೊಂದಿಗೆ ಮುಗಿಯುತ್ತದೆ. ಜನ ಹೇಳುವ ಕಥೆಯಲ್ಲಿ ದೇವಿಯ ಕೈಯಲ್ಲಿ ಸಾಯುವವನು ಜಾತಿ ಮುಚ್ಚಿಟ್ಟು ಅವಳನ್ನು ಮದುವೆಯಾದವನು. ಅವನನ್ನು ವೈರಿಯಾಗಿಸಿದ್ದು ಹುಟ್ಟು. ಈ ಕಥೆ ಕೇಳುವಾಗಲೆಲ್ಲ ನನ್ನ ಮನಸ್ಸು ಕಸಿವಿಸಿಗೊಳ್ಳುತ್ತದೆ. ಹಿಂದೆ ಇದ್ದ ಕೋಣನ ಬಲಿಯನ್ನು ಊರು ನಿಲ್ಲಿಸಿದೆ. ಆದರೂ ಒಂದು ಅಂಶ ನನ್ನನ್ನು ಬಿಡದೆ ಕಾಡುತ್ತದೆ: ಅಷ್ಟು ದಿನದ ಗದ್ದಲದ ಬಳಿಕ ದೇವಿಯನ್ನು ವಿಧವೆಯೆಂದೇ ಭಾವಿಸಲಾಗುತ್ತದೆ, ಯುಗಾದಿಯ ತನಕ ಅವಳು ಮತ್ತೆ ಪ್ರತಿಷ್ಠೆಗೊಳ್ಳುವುದಿಲ್ಲ. ಕೊಂದವಳಿಗೂ ಸೂತಕ ತಪ್ಪಲಿಲ್ಲ.

ಅಗಳ ತೋಡಿಸಿದವರ ಮನೆಯಲ್ಲಿ ನಿಮ್ಮ ತಂದೆಯವರ ಬಗ್ಗೆ ಯಾವ ಕಥೆ ಹೇಳುತ್ತಿದ್ದರು ಎಂದು ಎಂದಾದರೂ ವಿಚಾರಿಸಿದ್ದೀರಾ?

ಮರಳಿ: ಸೋಂದಾ ದಾರಿ (ಶಿರಸಿ)

ಎಲ್ಲರಿಗೂ ಋಣಿ. ಕೊನೆಯ ಪ್ರಶ್ನೆಗೆ ಉತ್ತರ: ವಿಚಾರಿಸಿಲ್ಲ. ಅಂಕೋಲಾದವರು ಹೇಳಿದ್ದು ನನ್ನನ್ನು ಹೆಚ್ಚು ತಟ್ಟಿತು. ಎದೆ ಹಗುರಾದದ್ದಕ್ಕೆ ನಾನು ನಾಚಬೇಕಿಲ್ಲ ಎಂದು ಈಗ ಅನಿಸುತ್ತದೆ; ಆದರೆ ಜಿಲೇಬಿ ತಲುಪಿದ್ದು ಸತ್ತವರಿಗಲ್ಲ. ಆ ಮನೆಯಲ್ಲಿ ಈಗ ಇರುವವರು ಅವರ ಹೆಂಡತಿ, ಹುಬ್ಬಳ್ಳಿಯಲ್ಲಿ ಓದುತ್ತಿರುವ ಒಬ್ಬಳೇ ಮಗಳು. ನಮ್ಮ ನೀರನ್ನು ತಡೆದವರು ಅವರಲ್ಲ.

ಶವ ಎತ್ತುವಾಗ ತಂದೆಯವರು ಅಂಗಳ ದಾಟಿ ಹೋಗಿದ್ದರು. ಯಾರೂ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಚಟ್ಟಕ್ಕೆ ಬಿದಿರು ಕಡಿಯುವವರು ಒಬ್ಬರು ಕಡಿಮೆಯಿದ್ದರಂತೆ, ಇವರು ಕತ್ತಿ ತೆಗೆದುಕೊಂಡರಂತೆ.

ನಿನ್ನೆ ನಾನು, ತಮ್ಮ ಇಬ್ಬರೂ ತಂದೆಯವರೊಡನೆ ವಕೀಲರ ಬಳಿ ಹೋಗಿದ್ದೆವು. ಪ್ರತಿವಾದಿ ತೀರಿಕೊಂಡರೆ ದಾವೆ ತಾನಾಗಿ ನಮ್ಮ ಕಡೆಗೆ ಆಗುತ್ತದೆ ಎಂದು ತಮ್ಮ ನಂಬಿದ್ದ. ಹಾಗಲ್ಲ, 90 ದಿನಗಳೊಳಗೆ ಅವರ ವಾರಸುದಾರರನ್ನು ದಾಖಲೆಗೆ ತರಲು ನಾವೇ ಅರ್ಜಿ ಹಾಕಬೇಕು, ಇಲ್ಲವಾದರೆ ಅವರ ಮಟ್ಟಿಗೆ ದಾವೆ ಬಿದ್ದುಹೋಗುತ್ತದೆ ಎಂದು ವಕೀಲರು ತಿಳಿಸಿದರು. ಹೆಂಡತಿಯ ಹೆಸರು ತಂದೆಯವರಿಗೆ ಗೊತ್ತಿತ್ತು. ಮಗಳ ಹೆಸರು, ವಯಸ್ಸು ಹೇಳಿ ಎಂದು ವಕೀಲರು ಪೆನ್ನು ಹಿಡಿದು ಕೇಳಿದಾಗ ಹೇಳಿದವನು ತಮ್ಮ. ಒಂದೇ ಶಾಲೆಯಲ್ಲಿ ಅವಳು ಅವನಿಗಿಂತ ಎರಡು ತರಗತಿ ಕೆಳಗಿದ್ದಳು. ವಯಸ್ಸು 22 ಎಂದು ಬರೆಸಿ, ಈಗಲೇ ನೋಟಿಸು ಹೋಗುತ್ತದೆಯೇ, ಹದಿಮೂರನೆಯ ದಿನ ಕಳೆದ ಮೇಲೆ ಅರ್ಜಿ ಹಾಕಿದರೆ ಆಗುವುದಿಲ್ಲವೇ ಎಂದು ಅವನೇ ಕೇಳಿದ. ಬೇಕಾದಷ್ಟು ದಿನವಿದೆ ಎಂದರು ವಕೀಲರು.