ವರ್ಡ್‌ಪ್ರೆಸ್: ಕನ್ನಡ ಲಿಂಕ್ ಅರ್ಧಕ್ಕೇ ತುಂಡಾಗುತ್ತಿದೆ

ಆಲೆಮನೆ, ಮಂಡ್ಯ:
ವರ್ಡ್‌ಪ್ರೆಸ್ ಅನ್ನೋ ಸೈಟ್ ಕಟ್ಟೋ ಸಾಫ್ಟ್‌ವೇರಲ್ಲಿ ಮಾಡಿದ ನಮ್ಮ ಬೆಲ್ಲದ ಸೈಟಲ್ಲಿ 'ಅಚ್ಚುಬೆಲ್ಲ ಮಳೆಗಾಲದಲ್ಲಿ ಕರಗದಂತೆ ಇಡೋದು ಹೇಗೆ' ಅಂತ ಪೋಸ್ಟ್ ಹಾಕಿದೆ. ಲಿಂಕ್ 'ಮಳೆಗಾಲದಲ್ಲಿ-ಕ' ಅಂತ ನಿಂತುಬಿಟ್ಟಿದೆ! ವಾಟ್ಸಾಪಿಗೆ ಹಾಕಿದರೆ ಬರೀ ಪರ್ಸೆಂಟ್ ಗುರುತುಗಳ ಸಾಲು. ಗಿರಾಕಿಗಳು ವೈರಸ್ ಅಂದ್ಕೊಂಡು ಮುಟ್ಟೋದೇ ಇಲ್ಲ.

ಕುವೆಂಪುನಗರ, ಮೈಸೂರು:
ಸ್ಲಗ್‌ಗೆ, ಅಂದರೆ ಲಿಂಕ್‌ನಲ್ಲಿ ಪೋಸ್ಟ್‌ನ ಹೆಸರು ಬರೋ ಭಾಗಕ್ಕೆ, 200 ಅಕ್ಷರದ ಮಿತಿ ಇದೆ ಸಾರ್. ಕನ್ನಡದ ಒಂದೊಂದು ಗುರುತೂ ಅಲ್ಲಿ ಆ ಪರ್ಸೆಂಟ್ ಕೋಡ್ ಆಗಿ 9 ಅಕ್ಷರ ನುಂಗುತ್ತದೆ. ಒತ್ತು, ಕೊಂಬು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 22 ಕನ್ನಡ ಗುರುತಿಗೇ ಕಥೆ ಮುಗೀತು. ಸ್ಲಗ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡಿ, ಶೀರ್ಷಿಕೆ ಕನ್ನಡದಲ್ಲೇ ಇರಲಿ.

ಆಲೆಮನೆ:
ಆಗಲೇ ಕಳಿಸಿರೋ ಲಿಂಕ್‌ಗಳು ಕೆಟ್ಟುಹೋಗಲ್ವಾ?

ಕುವೆಂಪುನಗರ:
ಇಲ್ಲ. ಪೋಸ್ಟ್‌ನ ಹಳೇ ಸ್ಲಗ್ ವರ್ಡ್‌ಪ್ರೆಸ್ ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತದೆ. ಪೇಜ್‌ಗಳಿಗೆ ('ನಮ್ಮ ಬಗ್ಗೆ' ತರಹದ ಖಾಯಂ ಪುಟಗಳಿಗೆ) ಆ ಸೌಲಭ್ಯ ಇಲ್ಲ, ಯಾಕೋ! ಅವಕ್ಕೆ ಹಳೇ ಲಿಂಕನ್ನು ಹೊಸದಕ್ಕೆ ತಿರುಗಿಸೋ ರಿಡೈರೆಕ್ಟ್ ಪ್ಲಗಿನ್ (ಸೇರಿಸಿಕೊಳ್ಳೋ ಪುಟ್ಟ ಸಾಫ್ಟ್‌ವೇರ್) ಹಾಕಿಕೊಳ್ಳಿ.