ಸಜೆ, ಪೆರೋಲ್, ಬಿಡುಗಡೆ ಆದಮೇಲಿನ ಬದುಕು: ಕ್ರಿಮಿನಲ್ ವಕೀಲರಿಗೆ ನಿಮ್ಮ ಪ್ರಶ್ನೆಗಳು

ನಮಸ್ಕಾರ. ಪೆರೋಲ್, ಅಂದರೆ ಸಜೆಯ ನಡುವೆ ಕೆಲವು ದಿನ ಹೊರಗೆ ಹೋಗಿಬರಲು ಕೊಡುವ ಅನುಮತಿ, ಅದರ ಬಗ್ಗೆ ನಾನು ಹಾಕಿದ್ದ ಪೋಸ್ಟ್ ನೋಡಿ ತುಂಬಾ ಜನ ಇನ್‌ಬಾಕ್ಸಿಗೆ ಬಂದಿದ್ದೀರಿ. ಎಲ್ಲರದ್ದೂ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಅದಕ್ಕೇ ಇಲ್ಲೇ ಎಲ್ಲರ ಮುಂದೆ ಉತ್ತರಿಸುತ್ತೇನೆ. ಹೆಸರು, ಊರು, ಕೇಸ್ ನಂಬರ್ ಹಾಕಬೇಡಿ, ಜಿಲ್ಲೆ ಹೇಳಿದರೆ ಸಾಕು.

ಪ್ರಶ್ನೆ (ಹಾವೇರಿ ಜಿಲ್ಲೆ): ಮೇಡಂ, ನಮ್ಮ ಮನೆಯವರು ಕೊಲೆ ಕೇಸಿನಲ್ಲಿ ಹಿಂಡಲಗಾ ಜೈಲಲ್ಲಿದ್ದಾರೆ. ಜೀವಾವಧಿ ಆಗಿದೆ. ಅತ್ತೆಗೆ ಹುಷಾರಿಲ್ಲ ಅಂತ ಪೆರೋಲ್‌ಗೆ ಅರ್ಜಿ ಹಾಕಿದ್ವಿ. ಪೊಲೀಸ್ ರಿಪೋರ್ಟ್ ವಿರುದ್ಧ ಬಂತು ಅಂತ ತಿರಸ್ಕಾರ ಮಾಡಿದ್ದಾರೆ. ಮತ್ತೆ ಹಾಕಬಹುದಾ?

ಉತ್ತರ: ಖಂಡಿತ ಹಾಕಬಹುದು ಅಮ್ಮಾ. ಆದರೆ ಹಳೇ ಅರ್ಜಿಯನ್ನೇ ತಾರೀಕು ಬದಲಿಸಿ ಕೊಟ್ಟರೆ ಹಳೇ ಉತ್ತರವೇ ಬರುತ್ತೆ.

ಅರ್ಜಿ ಎಲ್ಲೆಲ್ಲಿ ಹೋಗುತ್ತೆ ಅಂತ ಮೊದಲು ತಿಳಿದುಕೊಳ್ಳಿ. ಜೈಲು ಅಧೀಕ್ಷಕರಿಗೆ ಕೊಟ್ಟಮೇಲೆ ಅವರು ಎಸ್‌ಪಿ ಆಫೀಸಿಗೆ ಬರೆಯುತ್ತಾರೆ. ಅಲ್ಲಿಂದ ನಿಮ್ಮ ಠಾಣೆಗೆ ಬರುತ್ತೆ. ಠಾಣೆಯಿಂದ ಒಬ್ಬರು ನಿಮ್ಮ ಮನೆಗೆ ಬರುತ್ತಾರೆ, ಅಕ್ಕಪಕ್ಕದವರನ್ನು ಕೇಳುತ್ತಾರೆ, ಫಿರ್ಯಾದಿ ಮನೆಯವರ ಹೇಳಿಕೆಯನ್ನೂ ಬರೆದುಕೊಳ್ಳುತ್ತಾರೆ. ಫಿರ್ಯಾದಿ ಕಡೆಯವರು ‘ಆಯ್ತು, ಬರಲಿ’ ಅಂತ ಎಲ್ಲಿ ಹೇಳ್ತಾರೆ? ಕೊನೆಗೆ ಕಾಗದದ ಮೇಲೆ ಉಳಿಯುವುದು ಒಂದೇ ಸಾಲು: ‘ಸದರಿಯವನು ಗ್ರಾಮಕ್ಕೆ ಬಂದಲ್ಲಿ ಶಾಂತಿಭಂಗವಾಗುವ ಸಂಭವ ಇರುತ್ತದೆ.’ ನಾನು ನೋಡಿದ ತಿರಸ್ಕಾರಗಳಲ್ಲಿ ಬಹುಪಾಲು ಈ ಸಾಲಿನ ಮೇಲೇ ನಿಂತಿರುತ್ತವೆ.

ಆದ್ದರಿಂದ ಈ ಸಲದ ಅರ್ಜಿಯಲ್ಲೇ ಆ ಸಾಲಿಗೆ ಉತ್ತರ ಇರಲಿ. ನಿಮ್ಮ ಊರು, ಫಿರ್ಯಾದಿ ಊರು ಒಂದೇ ಆಗಿದ್ದರೆ ಬೇರೆ ಊರಿನ ವಿಳಾಸ ಕೊಡಿ. ನಾದಿನಿ ಮನೆಯೋ ತವರುಮನೆಯೋ, ಯಾವುದಾದರೂ ಆಗಬಹುದು. ಆ ಮನೆಯವರು ‘ನಮ್ಮಲ್ಲೇ ಇರುತ್ತಾರೆ, ನಾವು ಜವಾಬ್ದಾರಿ’ ಅಂತ ಅಫಿಡವಿಟ್ ಮಾಡಿಕೊಡಲಿ. ‘ಅತ್ತೆಗೆ ಹುಷಾರಿಲ್ಲ’ ಅಂತ ಬರೆದರೆ ಸಾಲದು. ಏನು ಕಾಯಿಲೆ, ಯಾವ ಆಸ್ಪತ್ರೆ, ಆಪರೇಷನ್ ಯಾವ ದಿನ ಅಂತ ಡಾಕ್ಟರ್ ಬರೆದುಕೊಟ್ಟ ಚೀಟಿ ಬೇಕು. ಠಾಣೆಗೆ ವಾರಕ್ಕೊಮ್ಮೆ ಸಹಿ ಹಾಕಲು ಒಪ್ಪಿಗೆ ಅಂತ ನೀವೇ ಮೊದಲು ಬರೆದುಬಿಡಿ. ಹಿಂದೆ ಯಾವಾಗಾದರೂ ಪೆರೋಲ್ ಮೇಲೆ ಬಂದು ಸರಿಯಾದ ದಿನಕ್ಕೆ ವಾಪಸ್ ಹೋಗಿದ್ದರೆ ಆ ತಾರೀಕುಗಳನ್ನು ದೊಡ್ಡದಾಗಿ ಬರೆಯಿರಿ. ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ತಿರಸ್ಕಾರವನ್ನು ಬಾಯಿಮಾತಲ್ಲಿ ಕೇಳಿಕೊಂಡು ಬರಬೇಡಿ. ಲಿಖಿತ ಆದೇಶ, ಜೊತೆಗೆ ಆ ಪೊಲೀಸ್ ವರದಿಯ ನಕಲು, ಎರಡನ್ನೂ ಕೇಳಿ. ಕೊಡದಿದ್ದರೆ ಆರ್‌ಟಿಐ ಹಾಕಿ. ಅದು ಕೈಗೆ ಬಂದರೆ ಹೈಕೋರ್ಟಿನಲ್ಲಿ ರಿಟ್, ಅಂದರೆ ಆ ಆದೇಶವನ್ನು ಪ್ರಶ್ನಿಸುವ ಅರ್ಜಿ, ಹಾಕಬಹುದು. ನಿಮ್ಮದು ಹಾವೇರಿ, ಹಾಗಾಗಿ ಧಾರವಾಡ ಪೀಠ. ಯಾಂತ್ರಿಕವಾಗಿ ಬರೆದ ಪೊಲೀಸ್ ವರದಿಯನ್ನೇ ನಂಬಿ ಪೆರೋಲ್ ನಿರಾಕರಿಸಬಾರದು ಅಂತ ನಮ್ಮ ಹೈಕೋರ್ಟ್ ಎಷ್ಟೋ ಸಲ ಹೇಳಿದೆ. 2023ರಲ್ಲಿ ಪರಪ್ಪನ ಅಗ್ರಹಾರದಲ್ಲಿದ್ದ ಒಬ್ಬರಿಗೆ ಮದುವೆ ಆಗಲಿಕ್ಕೇ 15 ದಿನ ಪೆರೋಲ್ ಕೊಟ್ಟಿತು. 2024ರ ಕೊನೆಯಲ್ಲಿ ಇನ್ನೊಬ್ಬರಿಗೆ ಹೊಲದ ಕೆಲಸಕ್ಕೆ ಅಂತ 90 ದಿನ. ಹಾಗಂತ ಎಲ್ಲರಿಗೂ ಸಿಗುತ್ತೆ ಅಂತಲ್ಲ. ಪೆರೋಲ್ ಹಕ್ಕಲ್ಲ, ಆದರೆ ಅರ್ಜಿಯನ್ನು ಸರಿಯಾಗಿ ಪರಿಶೀಲಿಸಲೇಬೇಕು.

ಅದೇ ಸದಸ್ಯೆ: ಹೈಕೋರ್ಟ್ ಅಂದರೆ ಖರ್ಚು ಅಲ್ವಾ ಮೇಡಂ? ಕೂಲಿ ಮಾಡಿ ಮಕ್ಕಳನ್ನ ಓದಿಸ್ತಾ ಇದೀನಿ.

ಉತ್ತರ: ಒಂದು ರೂಪಾಯಿಯೂ ಬೇಡ. ಜೈಲಲ್ಲಿರುವ ವ್ಯಕ್ತಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು ಅಂತ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. 15100ಕ್ಕೆ ಫೋನ್ ಮಾಡಿ. ಇಲ್ಲದಿದ್ದರೆ ಜಿಲ್ಲಾ ಕೋರ್ಟ್ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ. ಜೈಲಿನೊಳಗಿಂದಲೂ ಅರ್ಜಿ ಕೊಡಬಹುದು. ಹೊರಗಡೆ ‘ಪೆರೋಲ್ ಮಾಡಿಸಿಕೊಡ್ತೀನಿ, ಇಷ್ಟು ಕೊಡಿ’ ಅನ್ನುವವರು ಸಿಕ್ಕೇ ಸಿಗುತ್ತಾರೆ. ಅಂಥವರ ಕೈಗೆ ದುಡ್ಡು ಕೊಡಬೇಡಿ.

ಪ್ರಶ್ನೆ (ತುಮಕೂರು ಜಿಲ್ಲೆ): ಜೀವಾವಧಿ ಅಂದರೆ 14 ವರ್ಷ ತಾನೇ? ನಮ್ಮಣ್ಣನಿಗೆ ಮುಂದಿನ ವರ್ಷ 14 ತುಂಬುತ್ತೆ. ಆ ದಿನ ಬಿಟ್ಟುಬಿಡ್ತಾರಾ?

ಉತ್ತರ: ಈ 14ರ ಲೆಕ್ಕ ಊರೂರಲ್ಲೂ ಇದೆ. ಆದರೆ ತಪ್ಪು ಲೆಕ್ಕ. ಜೀವಾವಧಿ ಅಂದರೆ ಜೀವ ಇರುವವರೆಗೆ. 1961ರಿಂದಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿಕೊಂಡು ಬಂದಿದೆ. 14 ವರ್ಷ ಅನ್ನುವುದು ಬಿಡುಗಡೆಯ ದಿನ ಅಲ್ಲ, ಅವಧಿಪೂರ್ವ ಬಿಡುಗಡೆಗೆ ಹೆಸರು ಪರಿಗಣಿಸಲು ಬೇಕಾದ ಕನಿಷ್ಠ. ಕೊಲೆಯಂಥ, ಅಂದರೆ ಗಲ್ಲು ಕೂಡ ಕೊಡಬಹುದಾದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, ಮಾಫಿ ದಿನಗಳನ್ನು (ಒಳ್ಳೆ ನಡತೆಗೆ ಅಂತ ಸಜೆಯಲ್ಲಿ ಕಳೆಯುವ ದಿನಗಳನ್ನು) ಸೇರಿಸದೆ 14 ವರ್ಷ ನಿಜವಾಗಿ ಒಳಗಿರಬೇಕು. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು 433ಎ ಕಲಂ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 475.

ನಿಮಗೆ ಅನುಕೂಲ ಆಗುವ ಒಂದು ಮಾತಿದೆ. ತೀರ್ಪಿಗೆ ಮೊದಲು ವಿಚಾರಣಾಧೀನ ಕೈದಿಯಾಗಿ ಒಳಗಿದ್ದ ದಿನಗಳೂ ಈ 14ಕ್ಕೆ ಸೇರುತ್ತವೆ. ಎಷ್ಟೋ ಮನೆಯವರು ತೀರ್ಪಿನ ದಿನದಿಂದ ಎಣಿಸುತ್ತಾ ಕೂತಿರುತ್ತಾರೆ. ಅರೆಸ್ಟ್ ಆದ ದಿನ, ಜಾಮೀನು ಸಿಕ್ಕ ದಿನ, ಮತ್ತೆ ಒಳಗೆ ಹೋದ ದಿನ, ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಜೈಲಿನ ದಾಖಲೆ ಜೊತೆ ತಾಳೆ ನೋಡಿ. ವ್ಯತ್ಯಾಸ ಇದ್ದರೆ ಈಗಲೇ ಅರ್ಜಿ ಕೊಡಿ. 14 ತುಂಬಿದಮೇಲೆ ಓಡಾಡಿದರೆ ಸುಮ್ನೆ ತಿಂಗಳುಗಟ್ಟಲೆ ಹೋಗುತ್ತೆ.

ಆಮೇಲೆ ಹೆಸರು ಸಮಿತಿಗೆ ಹೋಗುತ್ತೆ. ನಡತೆ, ಪೊಲೀಸ್ ವರದಿ, ಶಿಕ್ಷೆ ಕೊಟ್ಟ ಕೋರ್ಟಿನ ಅಭಿಪ್ರಾಯ, ಎಲ್ಲ ನೋಡಿ ಸರ್ಕಾರ ತೀರ್ಮಾನ ಮಾಡುತ್ತೆ. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವದ ಹೊತ್ತಿಗೆ ಸನ್ನಡತೆಯವರನ್ನು ಬಿಟ್ಟರು ಅಂತ ಪೇಪರಲ್ಲಿ ಓದುತ್ತೀರಲ್ಲ, ಅದೇ ಇದು. ರಾಜ್ಯದಲ್ಲಿ ಇಂಥ ಬಿಡುಗಡೆಗೆ ನೀತಿ ಇದ್ದರೆ ಕೈದಿ ಅರ್ಜಿ ಹಾಕದಿದ್ದರೂ ಸರ್ಕಾರವೇ ಅರ್ಹರ ಹೆಸರು ಪರಿಗಣಿಸಬೇಕು ಅಂತ ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ಹೇಳಿದೆ. ಆದರೂ ನೀವು ಒಂದು ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

ತೀರ್ಪನ್ನೂ ಪೂರ್ತಿ ಓದಿಸಿ. ಕೆಲವು ಕೇಸಲ್ಲಿ ಹೈಕೋರ್ಟೋ ಸುಪ್ರೀಂ ಕೋರ್ಟೋ ‘ಇಷ್ಟು ವರ್ಷ ಮಾಫಿ ಇಲ್ಲದೆ’ ಅಂತ ಬರೆದಿರುತ್ತದೆ. ಅಂಥ ಕಡೆ 14ರ ಮಾತೇ ಇಲ್ಲ.

ಪ್ರಶ್ನೆ (ಅದೇ ಜಿಲ್ಲೆ, ಬೇರೆಯವರು): ಪೆರೋಲ್ ಮೇಲೆ ಮನೆಯಲ್ಲಿದ್ದ ದಿನಗಳೂ 14ಕ್ಕೆ ಸೇರುತ್ತವಾ?

ಉತ್ತರ: ಇಲ್ಲ. 14 ವರ್ಷದ ಲೆಕ್ಕದಿಂದ ಪೆರೋಲ್ ದಿನಗಳನ್ನು ಬಿಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಗೋವಾದ ಒಂದು ಪ್ರಕರಣದಲ್ಲಿ ಹೇಳಿದೆ. ಅಗತ್ಯ ಇದ್ದಾಗ ಮಾತ್ರ ಪೆರೋಲ್ ಕೇಳಿ ಅಂತ ನಾನು ಹೇಳುವುದು ಇದಕ್ಕೇ. ಇನ್ನು ಒಂದು ದಿನ ತಡವಾಗಿ ವಾಪಸ್ ಹೋದರೂ ಮುಂದಿನ ಪೆರೋಲ್‌ಗೆ, ಮಾಫಿಗೆ, ಬಿಡುಗಡೆಗೆ ಎಲ್ಲಕ್ಕೂ ಪೆಟ್ಟು. ಬಸ್ ತಪ್ಪಿತು ಅನ್ನೋ ಕಾರಣ ಯಾರೂ ಕೇಳಲ್ಲ. ಹಿಂದಿನ ದಿನವೇ ಆ ಊರು ಸೇರಿಕೊಳ್ಳಿ.

ಪ್ರಶ್ನೆ (ರಾಯಚೂರು ಜಿಲ್ಲೆ): ತಮ್ಮನ ಸಜೆ ಮುಗಿಯುತ್ತಾ ಬಂತು. ದಂಡ ಕಟ್ಟಿಲ್ಲ ಅಂತ ಇನ್ನೂ ಆರು ತಿಂಗಳು ಅಂತಿದ್ದಾರೆ. ಹೀಗೂ ಇರುತ್ತಾ?

ಉತ್ತರ: ಇರುತ್ತೆ. ತೀರ್ಪಿನ ಕೊನೆಯಲ್ಲಿ ‘ದಂಡ ಕಟ್ಟಲು ತಪ್ಪಿದಲ್ಲಿ’ ಅಂತ ಒಂದು ಸಾಲು ಇರುತ್ತೆ, ಯಾರೂ ಗಮನಿಸಿರುವುದಿಲ್ಲ. ಆ ಸಜೆ ಮೂಲ ಸಜೆ ಮುಗಿದಮೇಲೆ ಶುರು. ಈಗಲೂ ಕಟ್ಟಬಹುದು. ಸ್ವಲ್ಪ ಭಾಗ ಕಟ್ಟಿದರೂ ಅಷ್ಟರ ಮಟ್ಟಿಗೆ ದಿನ ಕಡಿಮೆ ಆಗುತ್ತೆ. ಕಟ್ಟಲು ಶಕ್ತಿ ಇಲ್ಲದಿದ್ದರೆ ಬಡ ಕೈದಿಗಳಿಗೆ ಅಂತ ಕೇಂದ್ರದ ಯೋಜನೆ 2023ರಿಂದ ಇದೆ. ಶುರುವಾದಾಗ ಮಿತಿ ಸಜಾ ಬಂಧಿಗಳ ದಂಡಕ್ಕೆ 25,000 ರೂಪಾಯಿವರೆಗೆ, ವಿಚಾರಣಾಧೀನರ ಜಾಮೀನಿಗೆ 40,000ದವರೆಗೆ ಇತ್ತು. ಜಿಲ್ಲಾ ಸಮಿತಿ ಮಂಜೂರು ಮಾಡಬೇಕು. ಕೆಲವು ಗಂಭೀರ ಕೇಸುಗಳಿಗೆ ಅನ್ವಯ ಆಗಲ್ಲ. ಜೈಲು ಅಧೀಕ್ಷಕರಿಗೂ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ಒಂದೇ ದಿನ ಅರ್ಜಿ ಕೊಡಿ.

ಒಬ್ಬ ಸದಸ್ಯರು (ಜೈಲು ಇಲಾಖೆಯಿಂದ ನಿವೃತ್ತರು): ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಒಳಗೆ ಕೆಲಸ ಮಾಡುವ ಸಜಾ ಬಂಧಿಗೆ ಕೂಲಿ ಇರುತ್ತೆ. ಕರ್ನಾಟಕದಲ್ಲಿ 2023ರ ಹೊತ್ತಿಗೆ ದಿನಕ್ಕೆ 524 ರೂಪಾಯಿಂದ ಮೇಲೆ ಮಾಡಿದ್ದರು. ಖಾತೆಯಲ್ಲಿ ಎಷ್ಟಿದೆ ಅಂತ ಮನೆಯವರು ಕೇಳುವುದೇ ಇಲ್ಲ. ದಂಡ ಅದರಲ್ಲೇ ತೀರಬಹುದು.

ಉತ್ತರ: ಒಳ್ಳೆ ಮಾತು ಸರ್. ಎಲ್ಲರೂ ಗಮನಿಸಿ.

ಪ್ರಶ್ನೆ (ಮಂಡ್ಯ ಜಿಲ್ಲೆ): ಹೊಡೆದಾಟದ ಕೇಸಲ್ಲಿ ನನಗೆ ಶಿಕ್ಷೆ ಆಯ್ತು. ಆದರೆ ಜಡ್ಜ್ ಜೈಲಿಗೆ ಕಳಿಸದೆ ಒಂದು ವರ್ಷ ಸನ್ನಡತೆ ಬಾಂಡ್ ಮೇಲೆ ಬಿಟ್ಟರು. ಈಗ ಸರ್ಕಾರಿ ಕೆಲಸಕ್ಕೆ ಆಯ್ಕೆ ಆಗಿದ್ದೀನಿ. ಫಾರಂನಲ್ಲಿ ‘ಇಲ್ಲ’ ಅಂತ ಬರೆದುಬಿಡಿ, ಜೈಲಿಗೆ ಹೋಗಿಲ್ಲವಲ್ಲ ಅಂತ ಸ್ನೇಹಿತರು ಹೇಳ್ತಿದ್ದಾರೆ.

ಉತ್ತರ: ಆ ಸ್ನೇಹಿತರ ಮಾತು ಕೇಳಬೇಡಿ ತಮ್ಮಾ. ಫಾರಂನಲ್ಲಿರುವ ಪ್ರಶ್ನೆಯನ್ನು ನಿಧಾನವಾಗಿ ಓದಿ. ಸಾಮಾನ್ಯವಾಗಿ ‘ಯಾವತ್ತಾದರೂ ಬಂಧನ ಆಗಿದೆಯಾ, ಕೇಸ್ ಆಗಿದೆಯಾ, ಶಿಕ್ಷೆ ಆಗಿದೆಯಾ’ ಅಂತ ಬೇರೆ ಬೇರೆ ಕೇಳಿರುತ್ತಾರೆ. ಜೈಲಿಗೆ ಹೋಗಿದ್ರಾ ಅಂತಲ್ಲ. ಹಾಗಾಗಿ ನಿಮ್ಮ ಉತ್ತರ ‘ಹೌದು’.

ಹೆದರಬೇಡಿ. ನಿಮ್ಮನ್ನು ಬಿಟ್ಟಿದ್ದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಪ್ರಕಾರ ಇರಬೇಕು, ತೀರ್ಪಿನಲ್ಲಿ ಕಲಂ 3 ಅಥವಾ 4 ಅಂತ ಇರುತ್ತೆ ನೋಡಿ. ಹಾಗಿದ್ದರೆ ಅದೇ ಕಾಯ್ದೆಯ 12ನೇ ಕಲಂ ನಿಮ್ಮ ಪರವಾಗಿದೆ. ಶಿಕ್ಷೆಯಿಂದ ಬರುವ ಅನರ್ಹತೆ ನಿಮಗೆ ಅಂಟುವುದಿಲ್ಲ ಅಂತ ಅದು ಹೇಳುತ್ತೆ. ಆದರೆ ಶಿಕ್ಷೆ ಆಗಿಯೇ ಇಲ್ಲ ಅಂತ ಅದು ಹೇಳಲ್ಲ. ಎರಡಕ್ಕೂ ವ್ಯತ್ಯಾಸ ಇದೆ. ‘ಹೌದು’ ಅಂತ ಬರೆದು, ಪಕ್ಕದಲ್ಲಿ ಕೇಸ್ ವಿವರ, 12ನೇ ಕಲಂ, ಬಾಂಡ್ ಅವಧಿ ಮುಗಿದಿದೆ ಅನ್ನೋದನ್ನು ಬರೆದು ತೀರ್ಪಿನ ದೃಢೀಕೃತ ನಕಲು ಲಗತ್ತಿಸಿ.

ಮುಚ್ಚಿಟ್ಟರೆ ಏನಾಗುತ್ತೆ ಅಂತ 2016ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ವಿವರವಾಗಿ ಹೇಳಿದೆ. ಸಣ್ಣಪುಟ್ಟ ಕೇಸನ್ನು ನೇಮಕಾತಿ ಅಧಿಕಾರಿ ಮನ್ನಿಸಬಹುದು. ಗಂಭೀರ ಕೇಸನ್ನು ಮುಚ್ಚಿಟ್ಟಿದ್ದು ಗೊತ್ತಾದರೆ ಕೆಲಸದಿಂದ ತೆಗೆಯಬಹುದು. ನಿಜ ಹೇಳಿದವರಿಗೂ ಕೆಲಸ ಕೊಡಲೇಬೇಕು ಅಂತೇನಿಲ್ಲ, ಅಧಿಕಾರಿ ಯೋಚಿಸಿ ತೀರ್ಮಾನಿಸಬಹುದು. ನೇರವಾಗಿ ಹೇಳ್ತೀನಿ: ನಿಜ ಬರೆದು ಕೆಲಸ ತಪ್ಪಿದವರ ಪರ ವಾದ ಮಾಡಲು ಏನಾದರೂ ಸಿಗುತ್ತೆ. ಸುಳ್ಳು ಬರೆದು ಸಿಕ್ಕಿಬಿದ್ದವರ ಪರ ನಿಲ್ಲುವುದು ಬಹಳ ಕಷ್ಟ. ಪೊಲೀಸ್ ಪರಿಶೀಲನೆ ಇದ್ದೇ ಇರುತ್ತೆ, ಠಾಣೆಯ ರಿಜಿಸ್ಟರು ಎಲ್ಲೂ ಹೋಗಲ್ಲ. ನಮ್ಮ ದೇಶದಲ್ಲಿ ದೊಡ್ಡವರ ಶಿಕ್ಷೆಯನ್ನು ಇಷ್ಟು ವರ್ಷ ಆದಮೇಲೆ ದಾಖಲೆಯಿಂದ ಅಳಿಸುವ ಕಾನೂನೇ ಇಲ್ಲ. ಇರಬೇಕು ಅನ್ನೋದು ನನ್ನ ಅಭಿಪ್ರಾಯ, ಅದು ಬೇರೆ ಮಾತು. 18 ತುಂಬುವ ಮೊದಲಿನ ಪ್ರಕರಣ ಆಗಿದ್ದರೆ ಬಾಲನ್ಯಾಯ ಕಾಯ್ದೆಯಲ್ಲಿ ರಕ್ಷಣೆ ಇದೆ.

ಪ್ರಶ್ನೆ (ದಕ್ಷಿಣ ಕನ್ನಡ): ಗಲ್ಫಿಗೆ ಹೋಗಬೇಕು. ಹಳೇ ಕೇಸಲ್ಲಿ ಮೂರು ವರ್ಷ ಸಜೆ ಆಗಿತ್ತು. ಪಾಸ್‌ಪೋರ್ಟ್ ಸಿಗುತ್ತಾ?

ಉತ್ತರ: ನೈತಿಕ ಅಧಃಪತನದ ಅಪರಾಧ ಅಂತ ಕರೆಯುವ ಕೇಸು, ಅಂದರೆ ಮೋಸ, ಕಳವು ಇಂಥದ್ದರಲ್ಲಿ ಎರಡು ವರ್ಷ ಅಥವಾ ಜಾಸ್ತಿ ಸಜೆ ಆಗಿದ್ದರೆ, ಶಿಕ್ಷೆ ಆದ ದಿನದಿಂದ ಐದು ವರ್ಷ ಪಾಸ್‌ಪೋರ್ಟ್ ನಿರಾಕರಿಸಬಹುದು. ಐದು ದಾಟಿದ್ದರೆ ಆ ಅಡ್ಡಿ ಇಲ್ಲ. ಬೇರೆ ಕೇಸ್ ಇನ್ನೂ ನಡೆಯುತ್ತಿದ್ದರೆ ಆ ಕೋರ್ಟಿನ ಅನುಮತಿ ಬೇಕು. ವೀಸಾ ಮಾತ್ರ ಆ ದೇಶದ ಇಷ್ಟ, ಪೊಲೀಸ್ ಕ್ಲಿಯರೆನ್ಸ್ ಕೇಳುತ್ತಾರೆ. ಏಜೆಂಟರಿಗೆ ದುಡ್ಡು ಕಟ್ಟುವ ಮೊದಲೇ ಆ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿ ಏನು ಬರುತ್ತೆ ನೋಡಿ.

ಪ್ರಶ್ನೆ (ಬೆಂಗಳೂರು): ಬಿಡುಗಡೆ ಆದವರು ಓಟ್ ಹಾಕಬಹುದಾ? ಆಸ್ತಿಯಲ್ಲಿ ಪಾಲು ಹೋಗುತ್ತಾ?

ಉತ್ತರ: ಓಟ್ ಹಾಕಬಹುದು, ಜೈಲಲ್ಲಿ ಇರುವಾಗ ಮಾತ್ರ ಆಗಲ್ಲ. ಎರಡು ವರ್ಷ ಅಥವಾ ಜಾಸ್ತಿ ಸಜೆ ಆಗಿದ್ದರೆ ಎಂಎಲ್ಎ, ಎಂಪಿ ಚುನಾವಣೆಗೆ ನಿಲ್ಲಲು ಬಿಡುಗಡೆ ಆಗಿ ಆರು ವರ್ಷ ಕಳೆಯಬೇಕು. ಸಜೆ ಆಯ್ತು ಅಂತ ಆಸ್ತಿಯ ಹಕ್ಕು ಹೋಗಲ್ಲ. ‘ಜೈಲಿಗೆ ಹೋದವನಿಗೆ ಪಾಲಿಲ್ಲ’ ಅಂತ ಅಣ್ಣತಮ್ಮಂದಿರು ಹೇಳಿದರೆ ನಂಬಬೇಡಿ. ಒಂದೇ ವಿನಾಯಿತಿ: ಯಾರನ್ನು ಕೊಲೆ ಮಾಡಿದರೋ ಅವರ ಆಸ್ತಿಗೆ ವಾರಸುದಾರ ಆಗುವಂತಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ ಅದನ್ನೇ ಹೇಳುತ್ತೆ.

ಪ್ರಶ್ನೆ (ಕಲಬುರಗಿ ಜಿಲ್ಲೆ): ಮಗ ಸಜೆ ಮುಗಿಸಿ ಬಂದು ಗ್ಯಾರೇಜಲ್ಲಿ ಕೆಲಸ ಮಾಡ್ತಾನ. ಹಬ್ಬ, ಎಲೆಕ್ಷನ್ ಬಂದ್ರ ಠಾಣೆಗೆ ಕರೀತಾರ. ರೌಡಿ ಶೀಟ್ ಐತಂತ. ಮಾಲೀಕರು ಕೆಲಸದಿಂದ ತೆಗೀತೀನಿ ಅಂತಾರ.

ಉತ್ತರ: ಅಮ್ಮಾ, ರೌಡಿ ಶೀಟ್ ಅಂದರೆ ಶಿಕ್ಷೆಯಲ್ಲ, ನಿಗಾ ಇಡಲಿಕ್ಕೆ ಪೊಲೀಸರು ಇಟ್ಟುಕೊಳ್ಳುವ ಪಟ್ಟಿ. ಪೊಲೀಸ್ ಮ್ಯಾನ್ಯುಯಲ್‌ನ 1059ನೇ ಆದೇಶದ ಕೆಳಗೆ ಬರುತ್ತೆ. ಒಮ್ಮೆ ತೆರೆದರೆ ಸಾಯುವವರೆಗೆ ಅಂತಿಲ್ಲ. ಆಗಾಗ ಮರುಪರಿಶೀಲನೆ ಮಾಡಬೇಕು, ನಡತೆ ಸುಧಾರಿಸಿದ್ದರೆ ಮುಚ್ಚಬೇಕು. ಕೇಳದೆ ಮುಚ್ಚುವುದು ಕಮ್ಮಿ. ನೀವೇ ಎಸ್‌ಪಿ ಅಥವಾ ಕಮಿಷನರ್‌ಗೆ ಅರ್ಜಿ ಬರೆಯಿರಿ. ಬಿಡುಗಡೆ ಆದ ತಾರೀಕು, ಆಮೇಲೆ ಹೊಸ ಕೇಸ್ ಇಲ್ಲ ಅನ್ನೋದು, ಗ್ಯಾರೇಜ್ ಮಾಲೀಕರ ಪತ್ರ, ಮೂರನ್ನೂ ಸೇರಿಸಿ. ಮಾಲೀಕರು ಪತ್ರ ಕೊಡಲು ಹಿಂದೇಟು ಹಾಕಿದರೆ ಸಂಬಳದ ಬ್ಯಾಂಕ್ ಪಾಸ್‌ಬುಕ್ ಸಾಕು. ಉತ್ತರ ಬರದಿದ್ದರೆ ಹೈಕೋರ್ಟಿನ ಕಲಬುರಗಿ ಪೀಠ ನಿಮ್ಮ ಊರಲ್ಲೇ ಇದೆ. ಠಾಣೆಗೆ ಕರೆದರೆ ಹೋಗದೆ ತಪ್ಪಿಸಿಕೊಳ್ಳುವುದು ಬೇಡ. ಒಬ್ಬನೇ ಹೋಗೋದೂ ಬೇಡ, ಯಾರಾದರೂ ಜೊತೆಗೆ ಹೋಗಿ.

ಅದೇ ಸದಸ್ಯೆ: ಅರ್ಜಿ ಕನ್ನಡದಾಗ ಬರದ್ರ ನಡೀತದ?

ಉತ್ತರ: ಧಾರಾಳವಾಗಿ. ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ವಾಪಸ್ ತನ್ನಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಬರೆದಮೇಲೆ ಹೆಸರು ಮುಚ್ಚಿ ಫೋಟೋ ಕಳಿಸಿ, ನೋಡಿಕೊಡ್ತೀನಿ.