ಹಳೆ ಮರದ ದೋಣಿಗೆ ಫೈಬರ್ ಹಾಕಿದೆ, ರೆಸಿನ್ ಸೆಟ್ ಆಗುತ್ತಿಲ್ಲ. ಎಂತ ಮಾಡುವುದು?

ಪ್ರಶ್ನೆ (ಮಲ್ಪೆ)

ಅಪ್ಪನ ಕಾಲದ ಸಣ್ಣ ಮರದ ದೋಣಿ. ಉದ್ಯಾವರ ಹೊಳೆಯಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕಲು ಹೋಗುವಂಥದ್ದು. ಹಲಗೆ ಸಂದಿಯಲ್ಲಿ ನೀರು ಬರುತ್ತಿತ್ತು. ಮಳೆಗಾಲ ಅಂತ ಶೆಡ್ಡಿನಲ್ಲಿ ಮಗುಚಿ ಹಾಕಿ, ಹೊರಗಿನಿಂದ ಎರಡು ಪದರ ಮ್ಯಾಟ್ (ಗಾಜಿನ ಎಳೆಗಳ ಹಾಳೆ) ಕೂರಿಸಿದೆ. ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್ ರೆಸಿನ್, ಅದು ಬೇಗ ಸೆಟ್ ಆಗಲು ಹಾಕುವ ಕೋಬಾಲ್ಟ್ ಅಂಗಡಿಯಲ್ಲೇ ಬೆರೆಸಿ ಕೊಟ್ಟಿದ್ದರು. ಗಟ್ಟಿಯಾಗಿಸುವ ಹಾರ್ಡ್ನರ್ ಕೆಜಿ ರೆಸಿನ್ನಿಗೆ 15 ಮಿ.ಲೀ., ಸಿರಿಂಜಿನಲ್ಲಿ ಅಳೆದೇ ಹಾಕಿದ್ದು.

ರೆಸಿನ್ ಕಲಸಿದ ಕಪ್ಪಿನಲ್ಲಿ ಉಳಿದದ್ದು ಚೆನ್ನಾಗಿ ಗಟ್ಟಿಯಾಯಿತು. ದೋಣಿ ಮೇಲೆ ಮಾತ್ರ ವಾರ ಕಳೆದರೂ ಎಲ್ಲ ಕಡೆ ಕೈಗೆ ಅಂಟುತ್ತದೆ. ತಳದಲ್ಲಿ ಎರಡು ಜಾಗದಲ್ಲಿ ಉಗುರು ಒತ್ತಿದರೆ ಒಳಗೆ ಇಳಿಯುತ್ತದೆ, ಅಂಚು ಹಿಡಿದು ಎಳೆದರೆ ಎದ್ದೇ ಬರುತ್ತದೆ. ಬದಿಯಲ್ಲಿ ಒಂದು ಕಡೆ ಬಿಳಿ ಮಚ್ಚೆ ಉಂಟು. ಹಾರ್ಡ್ನರ್ ಜಾಸ್ತಿ ಹಾಕಿದ ರೆಸಿನ್ ಮೇಲಿಂದ ಹಚ್ಚಿದರೆ ಸರಿಯಾಗುತ್ತದಾ?

ಉತ್ತರ (ಮಂಗಳೂರು)

ಹಚ್ಚಬೇಡಿ ಮಾರಾಯ್ರೆ. ಮೇಲೆ ಗಟ್ಟಿ ಸಿಪ್ಪೆ ಆಗುತ್ತದೆ, ಅಡಿಯಲ್ಲಿ ಮೆತ್ತಗಿನದು ಹಾಗೇ ಉಳಿಯುತ್ತದೆ. ದೋಣಿ ನೀರಿಗಿಳಿದು ಅಲುಗಾಡಿದ ಮೇಲೆ ಅದು ಬಿಡುತ್ತದೆ. ಹಾರ್ಡ್ನರ್ ಸಾಮಾನ್ಯವಾಗಿ ತೂಕದಲ್ಲಿ ಶೇ. 1ರಿಂದ 2. ನಿಮ್ಮ ಅಳತೆ ಅದರೊಳಗೇ ಉಂಟು. ಜಾಸ್ತಿ ಹಾಕಿದರೆ ಬೇಗ ಬಿಸಿಯಾಗಿ ಬಿರುಕು ಬರುತ್ತದೆ ಅಷ್ಟೆ, ಬಲ ಬರುವುದಿಲ್ಲ.

ನೀವು ಹೇಳಿದ ಮೂರು ಲಕ್ಷಣಕ್ಕೆ ಮೂರು ಬೇರೆ ಕಾರಣ. ಒಟ್ಟಿಗೆ ನೋಡಿದರೆ ತಲೆ ಕೆಡುತ್ತದೆ.

ಎಲ್ಲ ಕಡೆ ಅಂಟು ಇರುವುದು ಗಾಳಿಯ ಕೆಲಸ. ಸಾದಾ ಪಾಲಿಯೆಸ್ಟರ್ ರೆಸಿನ್ ಗಾಳಿಗೆ ತೆರೆದಿದ್ದರೆ ಮೇಲಿನ ತೆಳು ಪದರ ಪೂರ್ತಿ ಸೆಟ್ ಆಗುವುದಿಲ್ಲ. ಆಮ್ಲಜನಕ ಅದನ್ನು ತಡೆಯುತ್ತದೆ. ಇದು ದೋಷ ಅಲ್ಲ, ಮುಂದಿನ ಪದರ ಹಿಡಿಯಲು ಅನುಕೂಲವೇ. ಕಪ್ಪಿನ ರೆಸಿನ್ ದಪ್ಪ ಇರುವುದರಿಂದ ಅದರ ಬಿಸಿ ಅದರಲ್ಲೇ ಉಳಿಯಿತು, ಬೇಗ ಗಟ್ಟಿಯಾಯಿತು. ಹಲಗೆ ಮೇಲಿನ ತೆಳು ಪದರಕ್ಕೆ ಆ ಬಿಸಿ ಸಿಗುವುದಿಲ್ಲ. ಹಾಗಾಗಿ ಕಪ್ಪಿನಲ್ಲಿ ಉಳಿದದ್ದನ್ನು ನೋಡಿ ದೋಣಿಯನ್ನು ಅಳೆಯಬೇಡಿ. ಒಂದು ಬಟ್ಟೆಗೆ ಅಸಿಟೋನ್ ಹಾಕಿ ಅಂಟಿರುವ ಕಡೆ ಒರೆಸಿ. ಅಂಟು ಹೋಗಿ ಕೆಳಗೆ ಉಗುರು ಇಳಿಯದಿದ್ದರೆ ಆ ಭಾಗ ಸರಿಯೇ ಉಂಟು. ಕೊನೆಯ ಪದರಕ್ಕೆ ಮಾತ್ರ ವ್ಯಾಕ್ಸ್ ಬೆರೆಸಿದ ರೆಸಿನ್ ಹಾಕಬೇಕು. ಮೇಣ ಮೇಲೆ ತೇಲಿ ಬಂದು ಗಾಳಿಯನ್ನು ತಡೆಯುತ್ತದೆ. ಮಧ್ಯದ ಪದರಕ್ಕೆ ವ್ಯಾಕ್ಸ್ ಹಾಕಿದರೆ ಅದರ ಮೇಲಿನದು ಹಿಡಿಯುವುದಿಲ್ಲ, ಉಜ್ಜಿ ತೆಗೆಯಬೇಕಾಗುತ್ತದೆ.

ಬಿಳಿ ಮಚ್ಚೆ ಹೆಚ್ಚಾಗಿ ತೇವದ್ದು. ನಮ್ಮಲ್ಲಿ ಜುಲೈಯಲ್ಲಿ ಉಪ್ಪಿನ ಡಬ್ಬವೇ ನೀರಾಗುತ್ತದೆ, ತೆರೆದಿಟ್ಟ ಮ್ಯಾಟ್ ಸುಮ್ನೆ ಇರುತ್ತದಾ? ಮ್ಯಾಟಿನ ರೋಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಹಾಕುವ ಮುಂಚೆ ಬೆಚ್ಚಗಿನ ಒಣ ಜಾಗದಲ್ಲಿಡಿ. ರೋಲರ್ ಸಾಕಷ್ಟು ಉಜ್ಜದೆ ಗಾಳಿ ಉಳಿದರೂ ಬಿಳಿ ಕಾಣುತ್ತದೆ. ಎರಡಕ್ಕೂ ಪರಿಹಾರ ಒಂದೇ: ಗ್ರೈಂಡರಿನಲ್ಲಿ ಅಷ್ಟು ಭಾಗ ತೆಗೆದು ಪುನಃ ಹಾಕುವುದು. ಇಲ್ಲಿ ಮಳೆಗಾಲದಲ್ಲೂ ಹಗಲು ಚಳಿ ಇರುವುದಿಲ್ಲ. ಹಾಗಾಗಿ ತಂಪಿನ ಮೇಲೆ ತಪ್ಪು ಹೊರಿಸುವುದು ಬೇಡ.

ನನಗೆ ಚಿಂತೆ ತಳದ ಆ ಎರಡು ಜಾಗದ್ದು. ಅಲ್ಲಿ ಮೇಲಿನಿಂದ ಅಲ್ಲ, ಅಡಿಯಿಂದ ಕೆಟ್ಟಿದೆ. ಆ ಮರಕ್ಕೆ ಮೊದಲು ಎಂತ ಹಚ್ಚುತ್ತಿದ್ದರು?

ಪ್ರಶ್ನೆ ಕೇಳಿದವರು

ಅಸಿಟೋನಿನಲ್ಲಿ ಒರೆಸಿದೆ. ನೀವು ಹೇಳಿದ ಹಾಗೇ ಉಂಟು, ಬದಿಯಲ್ಲಿ ಕೆಳಗೆ ಗಟ್ಟಿ. ತಳಕ್ಕೆ ಅಪ್ಪ ಗೇರುಸಿಪ್ಪೆ ಎಣ್ಣೆ ಹಚ್ಚುತ್ತಿದ್ದರು. ಮೊದಲೆಲ್ಲ ಮೀನೆಣ್ಣೆಯೂ ಹಾಕಿದ್ದಾರಂತೆ. ಫೈಬರ್ ಹಾಕುವ ಮುಂಚೆ ಸ್ಯಾಂಡ್ ಪೇಪರಿನಲ್ಲಿ ಉಜ್ಜಿಯೇ ಇದ್ದೆ.

ಉತ್ತರ (ಮಂಗಳೂರು)

ಸಿಕ್ಕಿತು. ಗೇರುಸಿಪ್ಪೆ ಎಣ್ಣೆ ಮರ ಕಾಯಲು ಬಹಳ ಒಳ್ಳೆಯದು, ಹುಳ ಹತ್ತದು. ಆದರೆ ಅದರಲ್ಲಿರುವುದು ಫಿನಾಲ್ ಜಾತಿಯ ವಸ್ತು. ರೆಸಿನ್ ಡಬ್ಬದಲ್ಲೇ ಗಟ್ಟಿಯಾಗದಿರಲಿ ಅಂತ ಕಂಪನಿಯವರು ಸ್ವಲ್ಪ ಸ್ವಲ್ಪ ಹಾಕುವ ತಡೆವಸ್ತುಗಳಲ್ಲಿ ಕೆಲವು ಇದೇ ಜಾತಿಯವು. ಎಣ್ಣೆ ಕುಡಿದ ಹಲಗೆ ಮೇಲೆ ರೆಸಿನ್ ಹಾಕಿದರೆ ಅದು ಕೆಳಗಿನಿಂದ ಮೇಲೆ ಬಂದು ಸೆಟ್ ಆಗುವುದನ್ನು ನಿಲ್ಲಿಸುತ್ತದೆ. ಮೀನೆಣ್ಣೆ ಅಂಟಲು ಬಿಡುವುದಿಲ್ಲ. ಮೇಲೆ ಮೇಲೆ ಉಜ್ಜಿದರೆ ಎಣ್ಣೆ ಹೋಗುವುದಿಲ್ಲ, ಅದು ಮರದ ಒಳಗೆ ಹೋಗಿರುತ್ತದೆ.

ಆ ಎರಡು ಜಾಗದಲ್ಲಿ ಮೆತ್ತಗಿನ ಫೈಬರ್ ಪೂರ್ತಿ ಕಿತ್ತು ತೆಗೆಯಿರಿ. ಗಟ್ಟಿ ಫೈಬರ್ ಸಿಗುವವರೆಗೂ ಅಂಚು ಬಿಡಬೇಡಿ. ಮರವನ್ನು ಕೀಸುಳಿ ಹಾಕಿ ಹೊಸ ಬಣ್ಣ ಕಾಣುವವರೆಗೆ ತೆಗೆಯಿರಿ. ಅಸಿಟೋನಿನಲ್ಲಿ ಒರೆಸಿ, ಪ್ರತಿ ಸಲ ಬೇರೆ ಬಟ್ಟೆ. ಬಟ್ಟೆಗೆ ಕಂದು ಬಣ್ಣ ಬರುವುದು ನಿಂತ ಮೇಲೆ ಮುಂದಿನ ಕೆಲಸ. ಅಲ್ಲಿಗೆ ಪಾಲಿಯೆಸ್ಟರ್ ಬೇಡ, ಎಪಾಕ್ಸಿ ಅನ್ನುವ ಇನ್ನೊಂದು ಜಾತಿಯ ರೆಸಿನ್ ತನ್ನಿ. ಬೆಲೆ ಜಾಸ್ತಿ, ನಿಜ. ಆದರೆ ಅದು ಸೆಟ್ ಆಗುವ ದಾರಿಯೇ ಬೇರೆ, ಫಿನಾಲ್ ಅದನ್ನು ಹೀಗೆ ನಿಲ್ಲಿಸುವುದಿಲ್ಲ. ಮರಕ್ಕೂ ಚೆನ್ನಾಗಿ ಹಿಡಿಯುತ್ತದೆ. ಮೊದಲು ಅಂಗೈ ಅಗಲ ಹಾಕಿ, ಗಟ್ಟಿಯಾದ ಮೇಲೆ ಉಳಿಯಿಂದ ಎಬ್ಬಿಸಿ ನೋಡಿ. ಮರದ ನಾರು ಸಮೇತ ಕಿತ್ತು ಬಂದರೆ ಸರಿ. ನುಣ್ಣಗೆ ಎದ್ದು ಬಂದರೆ ಎಣ್ಣೆ ಇನ್ನೂ ಉಂಟು, ಆ ಹಲಗೆಯನ್ನೇ ಬದಲಿಸಿ.

ಉತ್ತರ (ಕಾಪು)

ಎರಡು ಮಾತು ಸೇರಿಸುತ್ತೇನೆ. ಎಪಾಕ್ಸಿಗೆ ಡಬ್ಬದಲ್ಲಿ ಬರೆದ ಅಳತೆಯೇ ಸರಿ. ಬೇಗ ಆಗಲಿ ಅಂತ ಹಾರ್ಡ್ನರ್ ಜಾಸ್ತಿ ಹಾಕಿದರೆ ಯಾವತ್ತೂ ಸರಿ ಗಟ್ಟಿಯಾಗುವುದಿಲ್ಲ. ಎಪಾಕ್ಸಿ ಜೊತೆ ಮ್ಯಾಟ್ ಬೇಡ, ನೇಯ್ದ ಫೈಬರ್ ಬಟ್ಟೆ ಹಾಕಿ. ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ಎಂಬ ದ್ರವದಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ.

ಇನ್ನೊಂದು ವಿಷಯ ದಯವಿಟ್ಟು ಎಲ್ಲರೂ ಗಮನಿಸಿ. ಕೋಬಾಲ್ಟ್ ಪ್ರತ್ಯೇಕ ತಂದವರು ಅದನ್ನೂ ಹಾರ್ಡ್ನರನ್ನೂ ನೇರವಾಗಿ ಬೆರೆಸಲೇಬಾರದು. ಬೆಂಕಿ ಹತ್ತಿ ಸಿಡಿಯುತ್ತದೆ. ಕೋಬಾಲ್ಟ್ ಮೊದಲು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಬೇಕು, ಆಮೇಲೆ ಹಾರ್ಡ್ನರ್. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಹಾರ್ಡ್ನರ್ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಿದ್ದರೆ ಕೂಡಲೇ ಕನಿಷ್ಠ 15 ನಿಮಿಷ ನೀರು ಹಾಕುತ್ತಾ ಇರಿ, ಆಮೇಲೆ ನೇರ ಆಸ್ಪತ್ರೆಗೆ.

ಪ್ರಶ್ನೆ ಕೇಳಿದವರು

ಒಂದು ಜಾಗದಲ್ಲಿ ಎಪಾಕ್ಸಿ ಹಾಕಿ ನೋಡಿದೆ, ನಾರು ಸಮೇತ ಬಂತು. ಇನ್ನೊಂದರಲ್ಲಿ ನುಣ್ಣಗೆ ಎದ್ದಿತು. ಆ ಹಲಗೆ ಬದಲಿಸಲು ಆಚಾರಿಯವರಿಗೆ ಹೇಳಿದ್ದೇನೆ. ಸುತ್ತ ಇರುವ ಪಾಲಿಯೆಸ್ಟರಿಗೆ ಎಪಾಕ್ಸಿ ಹಿಡಿಯುತ್ತದಾ?

ಉತ್ತರ (ಮಂಗಳೂರು)

ಹಿಡಿಯುತ್ತದೆ. ಗಟ್ಟಿಯಾದ ಪಾಲಿಯೆಸ್ಟರನ್ನು 80ರ ಸ್ಯಾಂಡ್ ಪೇಪರಿನಲ್ಲಿ ಹೊಳಪು ಹೋಗುವವರೆಗೆ ಉಜ್ಜಿ, ಎಪಾಕ್ಸಿ ಬಟ್ಟೆಯನ್ನು ಅದರ ಮೇಲೆ ಎರಡು ಇಂಚಾದರೂ ಹತ್ತಿಸಿ. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಹಾಕಲು ಹೋಗಬೇಡಿ, ಅದು ಸರಿಯಾಗಿ ಹಿಡಿಯುವುದಿಲ್ಲ. ಬಿಸಿಲಿಗೆ ಎಪಾಕ್ಸಿ ಹಾಳಾಗುವ ಕಾರಣ ಮೇಲೆ ಪೈಂಟ್ ಬೇಕು. ಎಲ್ಲ ಆದ ಮೇಲೆ ಒಂದು ವಾರ ಒಣಗಲು ಬಿಟ್ಟು ನೀರಿಗಿಳಿಸಿ.